ಸರಪಳಿ ಹಿಡಿದ ಹುಡುಗ, ಗಡಿ ಕಾದ ಅಧ್ಯಕ್ಷ

ಸಿವಿಲ್ ಬ್ರ್ಯಾಂಚಿನ ಗೆಳೆಯರಿಗೆ ಚೈನ್ ಸರ್ವೇ ಗೊತ್ತೇ ಇರುತ್ತೆ. ಬಿಸಿಲಲ್ಲಿ ರೇಂಜಿಂಗ್ ರಾಡ್ ಹಿಡಿದು ನಿಲ್ಲೋದು, ಲಿಂಕ್ ಎಣಿಸೋದು, ಫೀಲ್ಡ್ ಬುಕ್ಕಲ್ಲಿ ಬರೆಯೋದು, ಕೊನೆಗೆ ಲೆಕ್ಕ ಹೊಂದದಿದ್ದರೆ ಮತ್ತೆ ಮೊದಲಿಂದ ಅಳೆಯೋದು. ಅಮೆರಿಕದ ಮೊದಲ ಅಧ್ಯಕ್ಷ ಮೊದಲು ಸಂಬಳ ತಗೊಂಡಿದ್ದೂ ಇದೇ ಕೆಲಸಕ್ಕೆ. ಜಾರ್ಜ್ ವಾಷಿಂಗ್ಟನ್ ಅಂದ ಕೂಡಲೇ ನಮಗೆ ನೆನಪಾಗೋದು ಒಂದು ಡಾಲರ್ ನೋಟಿನ ಮೇಲಿನ ಮುಖ, ಇಲ್ಲಾ ಚಿಕ್ಕಂದಿನಲ್ಲಿ ಕೇಳಿದ ಚೆರ್ರಿ ಮರದ ಕತೆ. ಆ ಮರದ ಕತೆ ಅವನು ಸತ್ತ ಮೇಲೆ ಪುಸ್ತಕ ಮಾರೋನೊಬ್ಬ ಕಟ್ಟಿದ್ದು, ಅದನ್ನ ಪಕ್ಕಕ್ಕಿಡೋಣ. ನಾವಿಲ್ಲಿ ಹೇಳೋದು ಬೇರೆ ಕತೆ. ಕೈಯಲ್ಲಿ ದುಡ್ಡಿಲ್ಲ, ಸೈನ್ಯ ಇಲ್ಲ, ಸುತ್ತ ಮೂರು ದೊಡ್ಡ ಸಾಮ್ರಾಜ್ಯಗಳು, ಪಶ್ಚಿಮದ ಗಡಿಯಲ್ಲಿ ಮುಗಿಯದ ಯುದ್ಧ. ಇಂಥಾ ಹೊಸ ದೇಶವನ್ನ ಒಬ್ಬ ಸರ್ವೇಯರ್ ಹೇಗೆ ಉಳಿಸಿದ, ಅದಕ್ಕೆ ಬೆಲೆ ತೆತ್ತವರು ಯಾರು ಅನ್ನೋದು.

ಅಪ್ಪನ ಉಪಕರಣಗಳು

ವಾಷಿಂಗ್ಟನ್ ಹುಟ್ಟಿದ್ದು 1732ರ ಫೆಬ್ರವರಿ 22ರಂದು, ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದಲ್ಲಿ. ಹನ್ನೊಂದನೇ ವಯಸ್ಸಿಗೆ ಅಪ್ಪ ತೀರಿಕೊಂಡ. ಅಪ್ಪನ ಮೊದಲ ಹೆಂಡತಿಯ ಮಕ್ಕಳಾದ ಅಣ್ಣಂದಿರು ಇಂಗ್ಲೆಂಡಿಗೆ ಹೋಗಿ ಓದಿ ಬಂದಿದ್ದರು, ಇವನಿಗೆ ಆ ಅವಕಾಶ ಸಿಗಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಅಪ್ಪ ಬಿಟ್ಟುಹೋದ ಸರ್ವೇ ಉಪಕರಣಗಳನ್ನ ಇಟ್ಟುಕೊಂಡು ಲೆಕ್ಕ, ರೇಖಾಗಣಿತ, ನಕ್ಷೆ ಬಿಡಿಸೋದು ಎಲ್ಲವನ್ನೂ ಕಲಿತ. ಆಗಿನ ಗಂಟರ್ ಚೈನ್ ಅಂದ್ರೆ 66 ಅಡಿ, 100 ಲಿಂಕ್. ಹತ್ತು ಚದರ ಚೈನ್ ಸೇರಿದರೆ ಒಂದು ಎಕರೆ. ಅದರ ಜೊತೆಗೊಂದು ದಿಕ್ಸೂಚಿ, ಅಷ್ಟೇ ಸಾಮಾನು.

1748ರಲ್ಲಿ, ಹದಿನಾರನೇ ವಯಸ್ಸಿಗೆ, ಲಾರ್ಡ್ ಫೇರ್‌ಫ್ಯಾಕ್ಸ್ ಅನ್ನೋ ದೊಡ್ಡ ಜಮೀನ್ದಾರನ ಭೂಮಿ ಅಳೆಯೋ ತಂಡದ ಜೊತೆ ಬೆಟ್ಟ ದಾಟಿ ಶೆನಂಡೋವಾ ಕಣಿವೆಗೆ ಹೋದ. ಮರುವರ್ಷವೇ ಕಲ್ಪೆಪರ್ ಕೌಂಟಿಯ ಅಧಿಕೃತ ಸರ್ವೇಯರ್ ಆದ. ಕೈಗೆ ಬಂದ ದುಡ್ಡಲ್ಲಿ ಕಣಿವೆಯಲ್ಲೇ ಜಮೀನು ಕೊಂಡ. ಎಲ್ಲಿ ನೀರಿದೆ, ಎಲ್ಲಿ ಮಣ್ಣು ಫಲವತ್ತು, ಯಾವ ನದಿ ದಂಡೆಯಲ್ಲಿ ನಾಳೆ ಊರು ಬೆಳೆಯುತ್ತೆ ಅಂತ ನೋಡಿದ ಕೂಡಲೇ ಗುರುತಿಸೋ ಕಣ್ಣು ಅವನಿಗೆ ಬಂದದ್ದು ಇಲ್ಲೇ. ಅದರ ಜೊತೆಗೆ ಭೂಮಿಯ ಆಸೆಯೂ ಹತ್ತಿತು. ಅದು ಸಾಯೋವರೆಗೂ ಬಿಡಲಿಲ್ಲ.

ಓದೋಕೆ ಬಾರದ ಕಾಗದಕ್ಕೆ ಸಹಿ

ಆ ಕಾಲದಲ್ಲಿ ಅಪಲಾಚಿಯನ್ ಬೆಟ್ಟಸಾಲಿನ ಆಚೆ ಒಹಾಯೊ ನದಿಯ ಬಯಲು ಇತ್ತು. ಶಾನಿ, ಡೆಲವೇರ್, ಮಯಾಮಿ, ಸೆನೆಕಾ ಮುಂತಾದ ಮೂಲನಿವಾಸಿ ಜನಾಂಗಗಳು ಅಲ್ಲಿ ಬದುಕ್ತಾ ಇದ್ದವು. ಅದು ತಮ್ಮದು ಅಂತ ಕೆನಡಾ ಕಡೆಯಿಂದ ಫ್ರೆಂಚರೂ ಹೇಳ್ತಿದ್ದರು, ವರ್ಜೀನಿಯಾ ಕಡೆಯಿಂದ ಬ್ರಿಟಿಷರೂ ಹೇಳ್ತಿದ್ದರು. ಅಲ್ಲಿ ಜಮೀನು ಮಾಡೋಕೆ ಹುಟ್ಟಿದ ಒಹಾಯೊ ಕಂಪನಿಯಲ್ಲಿ ವಾಷಿಂಗ್ಟನ್ ಅಣ್ಣಂದಿರೇ ಪಾಲುದಾರರು.

1753ರಲ್ಲಿ ವರ್ಜೀನಿಯಾದ ಗವರ್ನರ್ ಡಿನ್‌ವಿಡ್ಡಿ ಫ್ರೆಂಚರಿಗೆ ಎಚ್ಚರಿಕೆ ಪತ್ರ ಕಳಿಸಬೇಕಾಯ್ತು. ಹೋಗೋಕೆ ಒಪ್ಪಿದವನು ಇಪ್ಪತ್ತೊಂದು ವರ್ಷದ ವಾಷಿಂಗ್ಟನ್. ಚಳಿಗಾಲದಲ್ಲಿ ಕಾಡು ದಾಟಿ ಈರೀ ಸರೋವರದ ಹತ್ತಿರದ ಕೋಟೆಗೆ ಹೋದ. ಫ್ರೆಂಚರು ಮರ್ಯಾದೆಯಿಂದ ಕೂರಿಸಿ, ಊಟ ಹಾಕಿ, ಜಾಗ ಬಿಡಲ್ಲ ಅಂತ ಹೇಳಿ ಕಳಿಸಿದರು. ವಾಪಸ್ ಬರುವಾಗ ತೆಪ್ಪದಿಂದ ಹಿಮ ತೇಲ್ತಿದ್ದ ನದಿಗೆ ಬಿದ್ದು ಸಾಯೋದರಲ್ಲಿದ್ದ. ಆದ್ರೂ ಬರುವಾಗ ಒಂದು ನಕ್ಷೆ, ಒಂದು ವರದಿ ತಂದ. ಎರಡು ನದಿ ಸೇರಿ ಒಹಾಯೊ ಹುಟ್ಟೋ ಜಾಗವೇ ಕೋಟೆ ಕಟ್ಟೋಕೆ ಸರಿ ಅಂತ ಅದರಲ್ಲಿ ಬರೆದಿದ್ದ. ಇವತ್ತಿನ ಪಿಟ್ಸ್‌ಬರ್ಗ್ ನಗರ ಇರೋದು ಅಲ್ಲೇ.

ಮರುವರ್ಷ ಅವನನ್ನ ಸೈನಿಕರ ಜೊತೆ ಕಳಿಸಿದರು. 1754ರ ಮೇ 28ರಂದು ಕಾಡಿನಲ್ಲಿ ಒಂದು ಫ್ರೆಂಚ್ ತಂಡದ ಮೇಲೆ ಇವನ ಕಡೆಯವರು ಬಿದ್ದರು, ಜುಮೊನ್‌ವಿಲ್ ಅನ್ನೋ ಅಧಿಕಾರಿ ಸತ್ತ. ಫ್ರೆಂಚರ ಪ್ರಕಾರ ಅವನು ಮಾತುಕತೆಗೆ ಬಂದ ದೂತ. ಸೇಡಿಗೆ ಅವರು ಬರ್ತಾರೆ ಅಂತ ಗೊತ್ತಾಗಿ ವಾಷಿಂಗ್ಟನ್ ಅವಸರದಲ್ಲಿ ಒಂದು ಮರದ ಕೋಟೆ ಕಟ್ಟಿಸಿದ. ಸರ್ವೇಯರ್ ಆಗಿದ್ದವನು ಇಲ್ಲಿ ಜಾಗವನ್ನೇ ತಪ್ಪಾಗಿ ಆರಿಸಿದ. ತಗ್ಗಿನ ಹುಲ್ಲುಗಾವಲು, ಗುಂಡಿನ ಅಳತೆಯಲ್ಲೇ ಮರ ತುಂಬಿದ ದಿಣ್ಣೆ. ಜುಲೈ 3ರಂದು ಮಳೆ ಸುರಿದು ಕಂದಕ ತುಂಬಿತು, ಮದ್ದು ನೆನೆಯಿತು, ಮರದ ಮರೆಯಿಂದ ಫ್ರೆಂಚರು ಮತ್ತು ಅವರ ಮೂಲನಿವಾಸಿ ಮಿತ್ರರು ಗುಂಡು ಹಾರಿಸಿದರು. ರಾತ್ರಿ ಶರಣಾದ. ಸಹಿ ಹಾಕಿದ ಕಾಗದ ಫ್ರೆಂಚಿನಲ್ಲಿತ್ತು, ಇವನಿಗೆ ಫ್ರೆಂಚ್ ಬರ್ತಿರಲಿಲ್ಲ. ಜುಮೊನ್‌ವಿಲ್‌ನನ್ನ ಹತ್ಯೆ ಮಾಡಿದ್ದು ತಾನೇ ಅಂತ ಒಪ್ಪಿಕೊಂಡಂತೆ ಅದರಲ್ಲಿ ಬರೆದಿತ್ತು. ಯೂರೋಪಿನ ತುಂಬ ಗಲಾಟೆ ಆಯ್ತು. ಆ ಕಾಡಿನ ಜಗಳ ಬೆಳೆದು ಏಳು ವರ್ಷಗಳ ಯುದ್ಧವಾಗಿ, ನಮ್ಮ ದಕ್ಷಿಣ ಭಾರತದಲ್ಲೂ ಇಂಗ್ಲಿಷರು ಫ್ರೆಂಚರು ಹೊಡೆದಾಡಿದರು. ಗಡಿಯಲ್ಲಿ ಸಿಡಿದ ಒಂದು ಗುಂಡು ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದನ್ನ ಇಪ್ಪತ್ತೆರಡನೇ ವಯಸ್ಸಿಗೇ ಅವನು ಕಣ್ಣಾರೆ ಕಂಡ.

ಕಾರ್ನ್‌ವಾಲಿಸ್ ಅಂದ್ರೆ ನಮಗೂ ಗೊತ್ತು

ಆ ಯುದ್ಧ ಗೆದ್ದ ಬ್ರಿಟನ್ನಿನ ರಾಜ 1763ರಲ್ಲಿ ಒಂದು ಆಜ್ಞೆ ಹೊರಡಿಸಿದ: ಅಪಲಾಚಿಯನ್ ಬೆಟ್ಟದ ಆಚೆ ಯಾರೂ ಮನೆ ಕಟ್ಟಕೂಡದು, ಆ ನೆಲ ಮೂಲನಿವಾಸಿಗಳದ್ದು. ವಾಷಿಂಗ್ಟನ್‌ಗೆ ಅದು ಕೆಲವು ದಿನದ ಮಾತು ಅನ್ನಿಸಿತು. ಒಳ್ಳೆ ಜಮೀನು ಗುರುತು ಮಾಡಿ ಇಡು, ಆದ್ರೆ ಗುಟ್ಟಾಗಿರಲಿ ಅಂತ ಪರಿಚಯದ ಸರ್ವೇಯರ್ ಒಬ್ಬನಿಗೆ ಪತ್ರ ಬರೆದ. ತೆರಿಗೆಯ ಸಿಟ್ಟು ನಮ್ಮ ಪಠ್ಯದಲ್ಲಿ ಇದೆ. ಬೆಟ್ಟದ ಆಚೆಯ ಭೂಮಿ ಸಿಗಲಿಲ್ಲ ಅನ್ನೋ ಸಿಟ್ಟೂ ಅಷ್ಟೇ ನಿಜ, ಅದನ್ನ ಯಾರೂ ಅಷ್ಟಾಗಿ ಹೇಳಲ್ಲ.

1775ರಲ್ಲಿ ವಸಾಹತುಗಳು ದಂಗೆ ಎದ್ದಾಗ ಸೇನಾಪತಿ ಆದವನು ಇವನೇ. ಸೋತ ಯುದ್ಧಗಳೇ ಹೆಚ್ಚು. ಆದ್ರೆ ಸೈನ್ಯ ಚದುರದಂತೆ ನೋಡಿಕೊಂಡ. ಹತ್ತೊಂಬತ್ತನೇ ವಯಸ್ಸಿಗೆ ಬಾರ್ಬಡೋಸ್ ದ್ವೀಪದಲ್ಲಿ ಸಿಡುಬು ಬಂದು ಬದುಕಿದ್ದವನು, 1777ರಲ್ಲಿ ಇಡೀ ಸೈನ್ಯಕ್ಕೆ ಸಿಡುಬು ಹಾಕಿಸುವ ತೀರ್ಮಾನ ತಗೊಂಡ. ಸೈನ್ಯ ಉಳಿದಿದ್ದಕ್ಕೆ ಅದೂ ಒಂದು ಕಾರಣ. ಕೊನೆಗೆ 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಫ್ರೆಂಚ್ ನೌಕಾಪಡೆಯ ಸಹಾಯದಿಂದ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಶರಣಾಯ್ತು.

ಹೌದು, ಅದೇ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನ ತಗೊಂಡವನು. ಅಮೆರಿಕನ್ನರಿಗೂ ಮೈಸೂರಿನ ಸುದ್ದಿ ಮುಟ್ಟಿತ್ತು. ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಹೈದರಾಲಿಯ ಹೆಸರನ್ನ ಪೆನ್ಸಿಲ್ವೇನಿಯಾದವರು ಒಂದು ಯುದ್ಧನೌಕೆಗೆ ಇಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಆ ಹೈದರ್ ಆಲಿ ಹಡಗು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನ ಸೆರೆ ಹಿಡಿಯಿತು.

ನಕ್ಷೆಯಲ್ಲಿ ದೊಡ್ಡದು, ನೆಲದ ಮೇಲೆ ಚಿಕ್ಕದು

1783ರ ಪ್ಯಾರಿಸ್ ಒಪ್ಪಂದದಲ್ಲಿ ಮಿಸಿಸಿಪಿ ನದಿವರೆಗಿನ ನೆಲವನ್ನ ಬ್ರಿಟನ್ ಹೊಸ ದೇಶಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ಬದುಕ್ತಿದ್ದ ಮೂಲನಿವಾಸಿಗಳನ್ನ ಯಾರೂ ಕೇಳಲೇ ಇಲ್ಲ. ಮಾಲೀಕರಿಲ್ಲದ ಸಭೆಯಲ್ಲಿ ಮನೆ ಮಾರಿದ ಹಾಗೆ. 1785ರಲ್ಲಿ ಆ ನೆಲವನ್ನ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ, ಒಂದೊಂದನ್ನ 640 ಎಕರೆಯ 36 ಭಾಗಗಳಾಗಿ ಕತ್ತರಿಸಿ ಮಾರೋ ಕಾನೂನೂ ಬಂತು. ವಿಮಾನದಿಂದ ನೋಡಿದ್ರೆ ಅಮೆರಿಕದ ಮಧ್ಯಭಾಗ ಇವತ್ತೂ ಗ್ರಾಫ್ ಹಾಳೆಯಂತೆ ಕಾಣೋದು ಇದರಿಂದಲೇ.

1789ರ ಏಪ್ರಿಲ್ 30ರಂದು ಅಧ್ಯಕ್ಷನಾದಾಗ ವಾಷಿಂಗ್ಟನ್ ಕೈಗೆ ಬಂದ ದೇಶದಲ್ಲಿ ಸುಮಾರು 39 ಲಕ್ಷ ಜನ. ಅದರಲ್ಲಿ ಹತ್ತಿರಹತ್ತಿರ 7 ಲಕ್ಷ ಗುಲಾಮರು. ಸೈನ್ಯ ಸಾವಿರಕ್ಕೂ ಕಡಿಮೆ, ನೌಕಾಪಡೆ ಇಲ್ಲವೇ ಇಲ್ಲ. ಒಪ್ಪಂದ ಆಗಿದ್ರೂ ಬ್ರಿಟಿಷರು ಡೆಟ್ರಾಯ್ಟ್, ನಯಾಗರಾ ಮುಂತಾದ ಕೋಟೆಗಳನ್ನ ಬಿಟ್ಟಿರಲಿಲ್ಲ. ಮಿಸಿಸಿಪಿ ನದಿಯ ಬಾಯಿ ಸ್ಪೇನ್ ಕೈಯಲ್ಲಿ. ಮೆಡಿಟರೇನಿಯನ್ ಕಡೆ ಹೋದ ವ್ಯಾಪಾರಿ ಹಡಗುಗಳನ್ನ ಆಲ್ಜಿಯರ್ಸಿನವರು ಹಿಡಿದು ನಾವಿಕರನ್ನ ಸೆರೆಯಲ್ಲಿಡ್ತಿದ್ದರು. ಅನುಸರಿಸೋಕೆ ಹಿಂದಿನವರ ಮಾದರಿಯೂ ಇರಲಿಲ್ಲ. ಒಪ್ಪಂದಕ್ಕೆ ಸೆನೆಟ್ ಸಲಹೆ ಬೇಕು ಅಂತ ಸಂವಿಧಾನದಲ್ಲಿತ್ತು, ಸರಿ ಅಂತ 1789ರ ಆಗಸ್ಟ್‌ನಲ್ಲಿ ತಾನೇ ಸೆನೆಟ್ಟಿಗೆ ಹೋಗಿ ಕೂತ. ಅವರು ಸಮಿತಿಗೆ ಒಪ್ಪಿಸೋಣ ಅಂತ ಎಳೆದಾಡಿದಾಗ ಸಿಟ್ಟಾಯ್ತು. ಆಮೇಲೆ ಹಾಗೆ ಸಲಹೆ ಕೇಳೋಕೆ ಹೋಗಿ ಕೂರಲಿಲ್ಲ.

ವಾಬಾಷ್ ನದಿಯ ದಂಡೆಯಲ್ಲಿ

ಮೂಲನಿವಾಸಿಗಳ ನೆಲವನ್ನ ಕಿತ್ತುಕೊಳ್ಳಬಾರದು, ಒಪ್ಪಂದ ಮಾಡಿಕೊಂಡು ಕೊಳ್ಳಬೇಕು ಅನ್ನೋದು ವಾಷಿಂಗ್ಟನ್ ಮತ್ತು ಅವನ ಯುದ್ಧ ಮಂತ್ರಿ ಹೆನ್ರಿ ನಾಕ್ಸ್ ಇಬ್ಬರ ನೀತಿ. ಕಾಗದದ ಮೇಲೆ ಚೆನ್ನಾಗಿತ್ತು. ಆದ್ರೆ ಒಹಾಯೊ ದಾಟಿ ಬರೋ ವಲಸೆಗಾರರನ್ನ ತಡೆಯೋ ಶಕ್ತಿ ಸರ್ಕಾರಕ್ಕಿರಲಿಲ್ಲ, ಆ ನದಿಯೇ ತಮ್ಮ ಗಡಿ ಅಂತ ಮೂಲನಿವಾಸಿಗಳ ಒಕ್ಕೂಟ ಪಟ್ಟು ಹಿಡಿದಿತ್ತು. ಎರಡೂ ಕಡೆ ಕೊಲೆ, ಮನೆ ಸುಡೋದು ನಿಲ್ಲಲಿಲ್ಲ.

1790ರಲ್ಲಿ ಜನರಲ್ ಹಾರ್ಮರ್ ದಂಡು ತಗೊಂಡು ಹೋಗಿ ಸೋತ. 1791ರಲ್ಲಿ ಆರ್ಥರ್ ಸೇಂಟ್ ಕ್ಲೇರ್ ಹೋದ. ಆ ಸೈನ್ಯದ ಸ್ಥಿತಿ ಕೇಳಿದ್ರೆ ಪ್ರಾಜೆಕ್ಟ್ ಮ್ಯಾನೇಜ್ಮೆಂಟ್ ಪಾಠಕ್ಕೆ ಉದಾಹರಣೆ ಕೊಡಬಹುದು. ತರಬೇತಿ ಇಲ್ಲದ ಜನ, ಗುತ್ತಿಗೆದಾರರು ಕಳಿಸಿದ ಕಳಪೆ ಸಾಮಾನು, ತಡವಾಗಿ ಬಂದ ಆಹಾರ, ದಿನಾ ಓಡಿಹೋಗೋ ಸೈನಿಕರು. ನವೆಂಬರ್ 4ರ ಬೆಳಗ್ಗೆ ವಾಬಾಷ್ ನದಿ ದಂಡೆಯಲ್ಲಿ ಮಯಾಮಿಗಳ ಲಿಟಲ್ ಟರ್ಟಲ್, ಶಾನಿಗಳ ಬ್ಲೂ ಜಾಕೆಟ್ ಮುಂದಾಳತ್ವದ ಒಕ್ಕೂಟ ಶಿಬಿರವನ್ನ ಸುತ್ತುವರಿಯಿತು. ಕೆಲವೇ ಗಂಟೆಗಳಲ್ಲಿ 600ಕ್ಕೂ ಹೆಚ್ಚು ಸೈನಿಕರು ಸತ್ತರು. ಮೂಲನಿವಾಸಿಗಳ ಕೈಯಲ್ಲಿ ಅಮೆರಿಕದ ಸೈನ್ಯ ಇಷ್ಟು ದೊಡ್ಡ ಸೋಲು ಮತ್ತೆಂದೂ ಕಂಡಿಲ್ಲ.

ಹೊರಗೆ ಕಲ್ಲಿನಂತೆ ಇರ್ತಿದ್ದ ವಾಷಿಂಗ್ಟನ್ ಆ ಸುದ್ದಿ ಬಂದ ರಾತ್ರಿ ಕೂಗಾಡಿಬಿಟ್ಟ ಅಂತ ಅವನ ಕಾರ್ಯದರ್ಶಿ ಮುಂದೆ ಹೇಳಿದ್ದುಂಟು. ಆದ್ರೆ ಸಂಸತ್ತು ತನಿಖೆಗೆ ಕಾಗದಪತ್ರ ಕೇಳಿದಾಗ ಮಂತ್ರಿಗಳ ಜೊತೆ ಕೂತು ಯೋಚಿಸಿ ಕೊಟ್ಟ. ಆಮೇಲೆ ಆತುರ ಪಡಲಿಲ್ಲ. ಆಂಟನಿ ವೇಯ್ನ್‌ನನ್ನ ನೇಮಿಸಿ, ಎರಡು ವರ್ಷ ಬರೀ ತರಬೇತಿಗೆ ಕೊಟ್ಟ. ವೇಯ್ನ್ ರಸ್ತೆ ಕಡಿಸುತ್ತಾ, ದಾರಿಯುದ್ದಕ್ಕೂ ಕೋಟೆ ಕಟ್ಟುತ್ತಾ, ಆಹಾರದ ದಾರಿ ಭದ್ರ ಮಾಡಿಕೊಂಡು ಹೋದ. 1794ರ ಆಗಸ್ಟ್ 20ರಂದು ಬಿರುಗಾಳಿಗೆ ಮರಗಳು ಉರುಳಿ ಬಿದ್ದಿದ್ದ ಜಾಗದಲ್ಲಿ ಯುದ್ಧ ಆಯ್ತು, ಅದಕ್ಕೇ ಫಾಲನ್ ಟಿಂಬರ್ಸ್ ಅಂತ ಹೆಸರು. ಸೋತ ಮೂಲನಿವಾಸಿಗಳು ಹತ್ತಿರದ ಬ್ರಿಟಿಷ್ ಕೋಟೆಗೆ ಓಡಿದರು. ಇಷ್ಟು ವರ್ಷ ಬಂದೂಕು, ಭರವಸೆ ಎರಡೂ ಕೊಟ್ಟಿದ್ದ ಬ್ರಿಟಿಷರು ಬಾಗಿಲು ತೆಗೆಯಲಿಲ್ಲ. ಮರುವರ್ಷದ ಗ್ರೀನ್‌ವಿಲ್ ಒಪ್ಪಂದದಲ್ಲಿ ಇವತ್ತಿನ ಒಹಾಯೊ ರಾಜ್ಯದ ಬಹುಪಾಲು ನೆಲ ಅವರ ಕೈ ಬಿಟ್ಟಿತು.

ಇಬ್ಬರು ದೊಡ್ಡವರ ಜಗಳ

ಗಡಿಯಲ್ಲಿ ಇದು ನಡೀತಿರುವಾಗಲೇ ಸಮುದ್ರದಾಚೆ ಇನ್ನೊಂದು ಬೆಂಕಿ ಹತ್ತಿತು. 1793ರ ಜನವರಿಯಲ್ಲಿ ಫ್ರಾನ್ಸಿನ ಕ್ರಾಂತಿಕಾರಿಗಳು ರಾಜನ ತಲೆ ಕಡಿದರು, ಫೆಬ್ರವರಿಯಲ್ಲಿ ಬ್ರಿಟನ್ ಮೇಲೆ ಯುದ್ಧ ಸಾರಿದರು. 1778ರ ಒಪ್ಪಂದದ ಪ್ರಕಾರ ಅಮೆರಿಕ ಫ್ರಾನ್ಸಿನ ಮಿತ್ರ. ಸ್ವಾತಂತ್ರ್ಯ ಸಿಕ್ಕಿದ್ದೇ ಅವರ ಸಹಾಯದಿಂದ. ಬೀದಿಯಲ್ಲಿ ಜನ ಫ್ರಾನ್ಸಿಗೆ ಜೈ ಅಂತಿದ್ದರು. ವಿದೇಶ ಮಂತ್ರಿ ಜೆಫರ್ಸನ್ ಒಲವು ಫ್ರಾನ್ಸ್ ಕಡೆ, ಹಣಕಾಸು ಮಂತ್ರಿ ಹ್ಯಾಮಿಲ್ಟನ್ ಒಲವು ಬ್ರಿಟನ್ ಕಡೆ. ಸರ್ಕಾರದ ವರಮಾನದ ದೊಡ್ಡ ಪಾಲು ಬರ್ತಿದ್ದುದು ಆಮದು ಸುಂಕದಿಂದ, ಆ ಆಮದು ಹೆಚ್ಚಾಗಿ ಬರ್ತಿದ್ದುದು ಬ್ರಿಟನ್‌ನಿಂದ.

ವಾಷಿಂಗ್ಟನ್ ಏಪ್ರಿಲ್ 22ರಂದು ಘೋಷಣೆ ಹೊರಡಿಸಿದ. ಎರಡೂ ಕಡೆಯವರ ಜೊತೆ ಸ್ನೇಹ, ಯಾರ ಪರವೂ ಯುದ್ಧ ಇಲ್ಲ. ಜೆಫರ್ಸನ್ ಬೇಡ ಅಂದದ್ದಕ್ಕೆ ತಟಸ್ಥ ಅನ್ನೋ ಪದವನ್ನ ಮಾತ್ರ ಬಳಸಲಿಲ್ಲ. ಅಷ್ಟರಲ್ಲಿ ಫ್ರಾನ್ಸಿನ ಹೊಸ ರಾಯಭಾರಿ ಜೆನೆ ಬಂದಿಳಿದಿದ್ದ. ಅವನು ಅಮೆರಿಕದ ಬಂದರುಗಳಲ್ಲೇ ಬ್ರಿಟಿಷ್ ಹಡಗು ಹಿಡಿಯೋ ಖಾಸಗಿ ನೌಕೆಗಳನ್ನ ಸಜ್ಜು ಮಾಡಿದ, ಸ್ಪೇನಿನ ನೆಲದ ಮೇಲೆ ದಾಳಿಗೆ ಜನ ಕೂಡಿಸೋಕೆ ಹೊರಟ, ಅಧ್ಯಕ್ಷನ ತಲೆ ಮೇಲೆ ಹಾರಿ ಜನರ ಹತ್ತಿರ ಹೋಗ್ತೀನಿ ಅನ್ನೋವರೆಗೂ ಹೋದ. ಕೊನೆಗೆ ಜೆಫರ್ಸನ್ನೇ ಒಪ್ಪಿ ಅವನನ್ನ ವಾಪಸ್ ಕರೆಸಿಕೊಳ್ಳಿ ಅಂತ ಫ್ರಾನ್ಸಿಗೆ ಬರೆಯಬೇಕಾಯ್ತು. ಅಷ್ಟರಲ್ಲಿ ಅಲ್ಲಿ ಸರ್ಕಾರ ಬದಲಾಗಿ, ಹೋದ್ರೆ ಗಿಲೊಟಿನ್ ಗ್ಯಾರಂಟಿ ಅನ್ನೋ ಸ್ಥಿತಿ. ವಾಷಿಂಗ್ಟನ್ ತನಗೆ ಅಷ್ಟು ಕಾಟ ಕೊಟ್ಟವನಿಗೇ ಆಶ್ರಯ ಕೊಟ್ಟ. ಜೆನೆ ನ್ಯೂಯಾರ್ಕ್ ಕಡೆ ರೈತನಾಗಿ ಉಳಿದ.

ಬ್ರಿಟಿಷರೂ ಸುಮ್ಮನಿರಲಿಲ್ಲ. ವೆಸ್ಟ್ ಇಂಡೀಸ್ ಸಮುದ್ರದಲ್ಲಿ 250ಕ್ಕೂ ಹೆಚ್ಚು ಅಮೆರಿಕನ್ ಹಡಗುಗಳನ್ನ ಹಿಡಿದರು. ಯುದ್ಧ ಬೇಕು ಅಂತ ಕೂಗು ಎದ್ದಿತು. ವಾಷಿಂಗ್ಟನ್ ಎರಡು ಕೆಲಸ ಒಟ್ಟಿಗೇ ಮಾಡಿದ. 1794ರ ಮಾರ್ಚ್‌ನಲ್ಲಿ ಆರು ಯುದ್ಧನೌಕೆ ಕಟ್ಟೋ ಕಾನೂನಿಗೆ ಸಹಿ ಹಾಕಿದ, ಅದು ಮುಖ್ಯವಾಗಿ ಆಲ್ಜಿಯರ್ಸಿನ ಕಾಟಕ್ಕೆ. ಜೊತೆಗೆ ಮುಖ್ಯ ನ್ಯಾಯಾಧೀಶ ಜಾನ್ ಜೇಯನ್ನ ಮಾತುಕತೆಗೆ ಲಂಡನ್ನಿಗೆ ಕಳಿಸಿದ.

ಜೇ ತಂದ ಒಪ್ಪಂದ ನೋಡಿ ಜನ ಉರಿದುಬಿದ್ದರು. ಬ್ರಿಟಿಷರು ಗಡಿ ಕೋಟೆಗಳನ್ನ 1796ರ ಜೂನ್ ಒಳಗೆ ಬಿಡ್ತಾರೆ, ಭಾರತದ ಬಂದರುಗಳಲ್ಲಿ ಅಮೆರಿಕನ್ ಹಡಗುಗಳಿಗೆ ವ್ಯಾಪಾರ ಮಾಡೋಕೆ ಬಿಡ್ತಾರೆ. ಆದ್ರೆ ಅಮೆರಿಕನ್ ನಾವಿಕರನ್ನ ಬಲವಂತವಾಗಿ ತಮ್ಮ ನೌಕಾಪಡೆಗೆ ಎಳೆದುಕೊಳ್ಳೋದರ ಬಗ್ಗೆ ಒಂದು ಸಾಲೂ ಇಲ್ಲ. ಊರೂರಲ್ಲಿ ಜೇಯ ಪ್ರತಿಕೃತಿ ಸುಟ್ಟರು. ಸಮರ್ಥಿಸೋಕೆ ನಿಂತ ಹ್ಯಾಮಿಲ್ಟನ್‌ಗೆ ಕಲ್ಲು ಬಿತ್ತು. ಸೆನೆಟ್‌ನಲ್ಲಿ 20ಕ್ಕೆ 10, ಅಂದ್ರೆ ಬೇಕಾದ ಮೂರನೇ ಎರಡು ಭಾಗ ಕರಾರುವಾಕ್ಕಾಗಿ ಸಿಕ್ಕಿತು, ಒಂದು ಮತವೂ ಜಾಸ್ತಿ ಇಲ್ಲ. ವಾಷಿಂಗ್ಟನ್ ಹೆಸರನ್ನ ಪತ್ರಿಕೆಗಳು ಹರಾಜಿಗಿಟ್ಟವು. ಆದ್ರೂ 1795ರ ಆಗಸ್ಟ್‌ನಲ್ಲಿ ಸಹಿ ಹಾಕಿದ.

ಯಾಕೆ ಅಂದ್ರೆ ಅವನು ದೇಶದ ತಾಕತ್ತನ್ನ ಅಳೆದಿದ್ದ. ಇಪ್ಪತ್ತು ವರ್ಷ ಶಾಂತಿ ಸಿಕ್ಕಿದ್ರೆ ಜನಸಂಖ್ಯೆ, ಸಂಪತ್ತು ಬೆಳೆದು ಯಾರನ್ನ ಬೇಕಾದ್ರೂ ಎದುರಿಸಬಹುದು ಅನ್ನೋದು ಅವನ ಲೆಕ್ಕ. ಬ್ರಿಟನ್ ಅಮೆರಿಕ ಹತ್ತಿರವಾದ್ದನ್ನ ಕಂಡು ಸ್ಪೇನ್ ಕೂಡ ಇಳಿಯಿತು. ಅದೇ ಅಕ್ಟೋಬರ್‌ನಲ್ಲಿ ಥಾಮಸ್ ಪಿಂಕ್ನಿ ಮಾಡಿಕೊಂಡ ಒಪ್ಪಂದದಿಂದ ಮಿಸಿಸಿಪಿ ನದಿ ಅಮೆರಿಕನ್ನರಿಗೆ ತೆರೆಯಿತು. ಬ್ರಿಟನ್ ಜೊತೆ ಮತ್ತೆ ಯುದ್ಧ ಆಗಿದ್ದು 1812ರಲ್ಲಿ, ಅಂದ್ರೆ ಹದಿನೇಳು ವರ್ಷ ಆದ ಮೇಲೆ. ಆಗ ಬ್ರಿಟಿಷ್ ಹಡಗುಗಳನ್ನ ಸೋಲಿಸಿದ್ದು 1794ರ ಕಾನೂನಿನಿಂದ ಹುಟ್ಟಿದ ಕಾನ್‌ಸ್ಟಿಟ್ಯೂಷನ್‌ನಂಥ ನೌಕೆಗಳೇ.

ಲೆಕ್ಕದ ಇನ್ನೊಂದು ಕಡೆ

ಇಲ್ಲಿಗೆ ನಿಲ್ಲಿಸಿದ್ರೆ ಒಳ್ಳೆ ಹೀರೋ ಕತೆ ಆಗುತ್ತೆ. ಆದ್ರೆ ಅಳತೆ ಅಂದ ಮೇಲೆ ಎಲ್ಲ ಬದಿಯೂ ಅಳೆಯಬೇಕು. ಅವನು ಬ್ರಿಟನ್, ಸ್ಪೇನ್ ಜೊತೆ ರಾಜಿಯಾಗಿ ಗಳಿಸಿದ ಹೊತ್ತಿನಲ್ಲಿ ದೇಶ ಬೆಳೆದದ್ದು ಒಹಾಯೊದ ಜನರ ನೆಲದ ಮೇಲೆ. ಸ್ವಾತಂತ್ರ್ಯ ಯುದ್ಧದ ನಡುವೆ 1779ರಲ್ಲಿ ಅವನ ಆಜ್ಞೆಯಂತೆ ಸೈನ್ಯ ಇರೊಕ್ವಾ ಜನಾಂಗದ ಸುಮಾರು 40 ಹಳ್ಳಿಗಳನ್ನ, ಬೆಳೆದು ನಿಂತ ಜೋಳವನ್ನ ಸುಟ್ಟಿತ್ತು. ಅವರ ಭಾಷೆಯಲ್ಲಿ ಅವನಿಗಿದ್ದ ಹೆಸರು ಊರು ಹಾಳು ಮಾಡುವವನು ಅಂತ. ಆ ಹೆಸರು ಕೇಳಿದ್ರೆ ಇವತ್ತಿಗೂ ನಮ್ಮ ಹೆಂಗಸರ ಮುಖ ಬಿಳಿಚಿಕೊಳ್ಳುತ್ತೆ, ಮಕ್ಕಳು ತಾಯಿಯ ಕೊರಳು ಹಿಡಿತಾರೆ ಅಂತ ಸೆನೆಕಾ ನಾಯಕ ಕಾರ್ನ್‌ಪ್ಲಾಂಟರ್ 1790ರಲ್ಲಿ ಅವನಿಗೇ ತಿಳಿಸಿದ್ದ. ಅಧಿಕಾರದ ಕೊನೆಯಲ್ಲಿ ಚೀನಾ ಗೋಡೆ ಕಟ್ಟಿದ್ರೆ, ಇಲ್ಲಾ ಸೈನಿಕರ ಸಾಲು ನಿಲ್ಲಿಸಿದ್ರೆ ಮಾತ್ರ ವಲಸೆಗಾರರನ್ನ, ಭೂಮಿ ದಲ್ಲಾಳಿಗಳನ್ನ ತಡೆಯಬಹುದೇನೋ ಅಂತ ವಾಷಿಂಗ್ಟನ್ನೇ ಬರೆದ. ತನ್ನ ನೀತಿ ಸೋತದ್ದು ಅವನಿಗೆ ಗೊತ್ತಿತ್ತು. ಆದ್ರೆ ಒಹಾಯೊ ಕಡೆ ಸಾವಿರಾರು ಎಕರೆ ಜಮೀನು ಹಿಡಿದವರಲ್ಲಿ ಅವನೂ ಒಬ್ಬ.

ಗುಲಾಮರ ವಿಷಯವೂ ಹೀಗೇ. ರಾಜಧಾನಿ ಫಿಲಡೆಲ್ಫಿಯಾದಲ್ಲಿದ್ದಾಗ, ಆರು ತಿಂಗಳು ಅಲ್ಲೇ ಉಳಿದ ಗುಲಾಮ ಸ್ವತಂತ್ರನಾಗಬಹುದು ಅನ್ನೋ ಪೆನ್ಸಿಲ್ವೇನಿಯಾ ಕಾನೂನು ತಪ್ಪಿಸೋಕೆ ಅವರನ್ನ ಅವಧಿ ಮುಗಿಯೋ ಮುಂಚೆ ಹೊರಗೆ ಕಳಿಸಿ ಮತ್ತೆ ಕರೆಸ್ತಿದ್ದ. ಕೊನೆಗೆ ಉಯಿಲಿನಲ್ಲಿ ತನ್ನ ಸ್ವಂತದ 123 ಗುಲಾಮರಿಗೆ ಬಿಡುಗಡೆ ಬರೆದಿಟ್ಟ.

ಎರಡು ಅವಧಿ ಸಾಕು ಅಂತ 1796ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯಲ್ಲಿ ವಿದಾಯದ ಬರಹ ಅಚ್ಚು ಹಾಕಿಸಿದ. ಹೊರದೇಶಗಳ ಮೇಲಿನ ಅತಿಯಾದ ಪ್ರೀತಿಯೂ ಬೇಡ, ಅತಿಯಾದ ದ್ವೇಷವೂ ಬೇಡ, ಶಾಶ್ವತ ಒಕ್ಕೂಟ ಕಟ್ಟಿಕೊಳ್ಳಬೇಡಿ, ಒಳಗಿನ ಪಕ್ಷಗಳ ಜಗಳದಲ್ಲಿ ಹೊರಗಿನವರು ಕೈ ಹಾಕದ ಹಾಗೆ ನೋಡಿಕೊಳ್ಳಿ ಅನ್ನೋದು ಅದರ ಸಾರ. ಆಮೇಲೆ ಮೌಂಟ್ ವರ್ನನ್‌ಗೆ ಹೋಗಿ ಹೊಲ ನೋಡಿಕೊಂಡಿದ್ದ. 1799ರ ನವೆಂಬರ್‌ನಲ್ಲೂ ತನ್ನ ಜಮೀನೊಂದನ್ನ ಅಳೆಯೋಕೆ ಹೋಗಿದ್ದ. ಡಿಸೆಂಬರ್‌ನಲ್ಲಿ ಹಿಮದಲ್ಲಿ ನೆನೆದು ಗಂಟಲು ಬಿಗಿದು, 14ರ ರಾತ್ರಿ ತೀರಿಕೊಂಡ.

ನಮಗೆ ಅವನಿಂದ ಕಲಿಯೋಕೆ ಇರೋದು ಎರಡು ಅಂತ ನಮ್ಮ ಅನಿಸಿಕೆ. ಚಪ್ಪಾಳೆ ಹೊಡೆಯೋ ಜನ ಯುದ್ಧ ಕೇಳಿದಾಗಲೂ ನಮ್ಮ ಶಕ್ತಿ ಎಷ್ಟು ಅಂತ ತಣ್ಣಗೆ ಅಳೆದು, ಬೈಸಿಕೊಂಡಾದ್ರೂ ಕಾಯೋದು ಒಂದು. ಇನ್ನೊಂದು, ನಕ್ಷೆಯ ಮೇಲೆ ಗೆರೆ ಎಳೆಯೋವಾಗ ಆ ನೆಲದ ಮೇಲೆ ಈಗಾಗಲೇ ಯಾರ ಮನೆ ಇದೆ ಅಂತ ಕೇಳೋದು. ಮೊದಲನೆಯದನ್ನ ವಾಷಿಂಗ್ಟನ್ ಮಾಡಿ ತೋರಿಸಿದ. ಎರಡನೆಯದು ಅವನ ಕೈಯಲ್ಲಿ ಆಗಲಿಲ್ಲ. ನಾಳೆ ಅಣೆಕಟ್ಟಿಗೋ, ಹೆದ್ದಾರಿಗೋ, ಕಾರ್ಖಾನೆಗೋ ಜಾಗ ಗುರುತು ಮಾಡೋಕೆ ಹೋಗೋರು ನಮ್ಮಲ್ಲೇ ಎಷ್ಟೋ ಜನ ಇದ್ದೀವಿ. ಆಗ ಆ ಎರಡನೇ ಪ್ರಶ್ನೆ ನಮ್ಮ ಮುಂದೆ ಇರುತ್ತೆ.